ಪಕ್ಕದ ಕುರ್ಚಿಯವರಿಗೆ ಕೆಲಸ ಕಲಿಸುವುದು: ಕೊಡಗಿನ ಗ್ರಂಥಾಲಯ ಸಿಬ್ಬಂದಿಗೆ

ಕೊಡಗಿನ ಗ್ರಂಥಾಲಯಗಳಲ್ಲಿ ಹೆಚ್ಚಿನವು ಒಬ್ಬರೋ ಇಬ್ಬರೋ ನಡೆಸುವಂಥವು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಬಾಗಿಲು ತೆರೆಯುವುದು, ಪತ್ರಿಕೆ ಜೋಡಿಸುವುದು, ಪುಸ್ತಕ ಕೊಟ್ಟು ವಾಪಸ್ ಪಡೆಯುವುದು, ಸಂಜೆ ಬೀಗ ಹಾಕುವುದು ಎಲ್ಲವೂ ಮೇಲ್ವಿಚಾರಕರೊಬ್ಬರ ಪಾಲಿಗೇ. ಕಾಲೇಜಿನಲ್ಲಿ ಗ್ರಂಥಪಾಲಕರ ಜೊತೆಗೆ ಒಬ್ಬ ಸಹಾಯಕರು ಇದ್ದರೆ ಅದೇ ಪುಣ್ಯ. ಇಂಥ ಕಡೆ ಒಬ್ಬರಿಗೆ ವರ್ಗಾವಣೆಯಾದರೆ, ನಿವೃತ್ತಿಯಾದರೆ, ಮೂರು ತಿಂಗಳ ರಜೆ ಬಿದ್ದರೆ, ಅವರ ಜೊತೆಗೇ ಕೆಲಸದ ತಿಳಿವಳಿಕೆಯೂ ಹೊರಟುಹೋಗುತ್ತದೆ. ಯಾವ ಲೇಖಕರ ಹೆಸರನ್ನು ಹೇಗೆ ದಾಖಲಿಸಿದೆ, ಹಳೇ ಗೆಜೆಟಿಯರ್ ಯಾವ ಬೀರುವಿನಲ್ಲಿದೆ, ಬ್ಯಾಕಪ್ ತೆಗೆದಿಟ್ಟ ಪೆನ್‌ಡ್ರೈವ್ ಎಲ್ಲಿದೆ ಎಂಬುದು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇಲಾಖೆ ತರಬೇತಿ ಕೊಡಲಿ ಎಂದು ಕಾಯುವುದಕ್ಕೂ ಒಂದು ಮಿತಿ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ಮಡಿಕೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯ ಹಳೆಯ ಇಲಾಖೆಯಲ್ಲೇ ಉಳಿದಿದೆ. ಕಾಲೇಜುಗಳದ್ದು ಮತ್ತೊಂದು ಇಲಾಖೆ, ಪೊನ್ನಂಪೇಟೆಯ ಅರಣ್ಯ ಕಾಲೇಜಿನದ್ದು ಕೃಷಿ ವಿಶ್ವವಿದ್ಯಾಲಯದ ವ್ಯವಸ್ಥೆ. ಒಂದೇ ಊರಿನ ಮೂರು ಗ್ರಂಥಾಲಯಗಳಿಗೆ ಮೂರು ಮೇಲಧಿಕಾರಿಗಳು. ಒಂದು ಸುತ್ತೋಲೆ ಹೊರಡಿಸಿ ಎಲ್ಲರನ್ನೂ ಒಟ್ಟಿಗೆ ಕೂರಿಸುವವರು ಯಾರೂ ಇಲ್ಲ. ಹಾಗಾಗಿ ಗೊತ್ತಿರುವವರು ಪಕ್ಕದವರಿಗೆ ಕಲಿಸುವುದೇ ನಡೆಯುವ ದಾರಿ.

ಕಲಿಸುವುದನ್ನು ಹಲವರು ಉಪಕಾರವೆಂದು ತಿಳಿಯುತ್ತಾರೆ. ಆದರೆ ಮೊದಲ ಲಾಭ ಕಲಿಸಿದವರಿಗೇ. ವರ್ಷಗಟ್ಟಲೆ ಮಾಡಿದ ಕೆಲಸ ಕೈಗೆ ಬಂದಿರುತ್ತದೆ, ಬಾಯಿಗೆ ಬಂದಿರುವುದಿಲ್ಲ. "ಇದನ್ನು ಯಾಕೆ ಹೀಗೆ ಮಾಡ್ತೀರಿ ಮೇಡಂ?" ಎಂದು ಹೊಸಬರು ಕೇಳಿದಾಗ ಉತ್ತರ ಹೊಳೆಯದಿದ್ದರೆ, ಅಲ್ಲಿ ನಿಮ್ಮ ತಿಳಿವಳಿಕೆಯಲ್ಲೇ ತೂತಿದೆ, ಇಲ್ಲವೇ ಆ ಹೆಜ್ಜೆಯೇ ಬೇಡದ್ದು. ಎರಡರಲ್ಲಿ ಯಾವುದಾದರೂ ಗೊತ್ತಾಗುವುದು ಒಳ್ಳೆಯದೇ.

ಎಷ್ಟು ಚಿಕ್ಕ ಕೆಲಸದಿಂದ ಶುರು ಮಾಡಬೇಕು

"ಕ್ಯಾಟಲಾಗಿಂಗ್ ಕಲಿಸುತ್ತೇನೆ" ಎಂದು ಹೊರಟವರು ಎರಡನೇ ವಾರಕ್ಕೆ ಸುಸ್ತಾಗುತ್ತಾರೆ. ಅದು ಒಂದು ಕೆಲಸವಲ್ಲ, ಇಪ್ಪತ್ತು ಕೆಲಸಗಳ ಗಂಟು. "ಒಂದು ಕನ್ನಡ ಕಾದಂಬರಿಯ ದಾಖಲೆ ಮಾಡುವುದು" ಎಂದರೆ ಕಲಿಸಬಹುದಾದ ಅಳತೆಗೆ ಬಂತು. ಆರಿಸುವಾಗ ಮೂರು ವಿಷಯ ನೋಡಿ: ಕೆಲಸ ಹದಿನೈದು ನಿಮಿಷದೊಳಗೆ ಮುಗಿಯಬೇಕು, ವಾರದಲ್ಲಿ ಹಲವು ಸಲ ಎದುರಾಗಬೇಕು, ತಪ್ಪಾದರೆ ಸರಿಪಡಿಸಲು ಆಗಬೇಕು. ಇಶ್ಯೂ-ರಿಟರ್ನ್, ಸ್ಪೈನ್ ಲೇಬಲ್ (ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿ), ಹೊಸ ಪುಸ್ತಕಗಳ ಅಕ್ಸೆಷನ್ (ಒಂದೊಂದು ಪ್ರತಿಗೂ ನಂಬರ್ ಕೊಟ್ಟು ರಿಜಿಸ್ಟರಿಗೆ ಸೇರಿಸುವುದು) ಇವೆಲ್ಲ ಈ ಅಳತೆಗೆ ಕೂರುತ್ತವೆ. ಡೇಟಾಬೇಸ್ ರಿಸ್ಟೋರ್ ಮಾಡುವುದು ಕೂರುವುದಿಲ್ಲ. ವರ್ಷಕ್ಕೊಮ್ಮೆ ಬರುವ, ತಪ್ಪಿದರೆ ಎಲ್ಲವೂ ಅಳಿಸಿಹೋಗುವ ಕೆಲಸವನ್ನು ಮೊದಲ ಪಾಠ ಮಾಡಬಾರದು.

ಕಲಿಸುವ ಮುನ್ನ ಆ ಕೆಲಸಕ್ಕೆ ಒಂದು ಹಾಳೆ ಬರೆದುಕೊಳ್ಳಿ. ಎ4 ಹಾಳೆಯಲ್ಲಿ ಮೂರು ಕಲಂ: ಹಂತ, ಎಚ್ಚರ, ಕಾರಣ. 1940ರ ದಶಕದ ಯುದ್ಧಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ಅನುಭವವಿಲ್ಲದವರನ್ನು ಬೇಗ ತಯಾರು ಮಾಡಲು ಬಳಸಿದ ಪದ್ಧತಿಯಿಂದ ಬೆಳೆದದ್ದು ಇದು, ಗ್ರಂಥಾಲಯದ ಟೇಬಲ್ಲಿಗೂ ಚೆನ್ನಾಗಿ ಒಗ್ಗುತ್ತದೆ. ಹಂತವನ್ನು ಎಲ್ಲರೂ ಬರೆಯುತ್ತಾರೆ, ಎಚ್ಚರವನ್ನು ಕೆಲವರು. ಕಾರಣದ ಕಲಂ ಖಾಲಿ ಬಿಡುವವರೇ ಜಾಸ್ತಿ, ಆದರೆ ಕೆಲಸ ನೆನಪಿನಲ್ಲಿ ಉಳಿಯುವುದು ಆ ಕಲಮಿನಿಂದಲೇ.

ಹೊಸ ಪುಸ್ತಕದ ಅಕ್ಸೆಷನ್ ತೆಗೆದುಕೊಳ್ಳಿ. ಮೊದಲ ಹಂತ, ಬಿಲ್ಲನ್ನು ಪುಸ್ತಕದ ಜೊತೆ ತಾಳೆ ನೋಡುವುದು: ಶೀರ್ಷಿಕೆ, ಮುದ್ರಣ, ಪ್ರತಿಗಳು, ಬೆಲೆ, ರಿಯಾಯಿತಿ. ಹಾಗೆಯೇ ಪುಟಗಳನ್ನು ಒಮ್ಮೆ ಸರಸರನೆ ತಿರುವಿ ಹಾಕಬೇಕು. ಹದಿನಾರು ಪುಟಗಳ ಒಂದು ಫಾರಂ ಬಿಟ್ಟುಹೋಗಿರುವುದು, ತಲೆಕೆಳಗಾಗಿ ಹೊಲಿದಿರುವುದು ಅಪರೂಪವೇನಲ್ಲ. ಎಚ್ಚರ: ಇದು ಮೊಹರು ಹಾಕುವ ಮೊದಲೇ ಆಗಬೇಕು. ಕಾರಣ: ಮೊಹರು ಬಿದ್ದ ಪುಸ್ತಕವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಎರಡನೆಯದು ಮೊಹರು: ಶೀರ್ಷಿಕೆ ಪುಟಕ್ಕೆ, ಆಮೇಲೆ ನಿಮ್ಮ ಗ್ರಂಥಾಲಯ ಗುಟ್ಟಿನ ಪುಟವೆಂದು ಗೊತ್ತು ಮಾಡಿಕೊಂಡ ಒಳಪುಟಕ್ಕೆ. ಅಕ್ಷರದ ಮೇಲೆ ಬೀಳಬಾರದು. ಶೀರ್ಷಿಕೆ ಪುಟ ಹರಿದುಹೋದರೂ ಪುಸ್ತಕ ಯಾರದ್ದೆಂದು ಗೊತ್ತಾಗಲಿ ಎಂಬುದಕ್ಕೇ ಈ ಒಳಪುಟ. ಮೂರನೆಯದು ರಿಜಿಸ್ಟರ್. ಒಂದೇ ಪುಸ್ತಕದ ಐದು ಪ್ರತಿ ಬಂದರೆ ಐದು ಅಕ್ಸೆಷನ್ ನಂಬರ್. ಮೂರು ಸಂಪುಟಕ್ಕೆ ಮೂರು ನಂಬರ್. ತಪ್ಪು ಬರೆದರೆ ಮೇಲೆ ತಿದ್ದುವಂತಿಲ್ಲ, ವೈಟ್‌ನರ್ ಅಂತೂ ಬೇಡವೇ ಬೇಡ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಅಕ್ಸೆಷನ್ ರಿಜಿಸ್ಟರ್ ಆಸ್ತಿಯ ದಾಖಲೆ, ಆಡಿಟ್‌ನವರು ಮೊದಲು ಕೇಳುವುದು ಅದನ್ನೇ. ಕೊನೆಯದಾಗಿ ಬಿಲ್ಲಿನ ಹಿಂದೆ "ಅಕ್ಸೆಷನ್ ನಂಬರ್ ಇಷ್ಟರಿಂದ ಇಷ್ಟರವರೆಗೆ ದಾಖಲಾಗಿದೆ" ಎಂದು ಬರೆದು ಸಹಿ. ಅದಿಲ್ಲದೆ ಬಿಲ್ ಪಾವತಿಗೆ ಹೋದರೆ ಆಕ್ಷೇಪಣೆ ಬರೆಸಿಕೊಂಡು ವಾಪಸ್ ಬರುತ್ತದೆ.

ಹೊಸಬರು ಇಲ್ಲಿ ಪದೇ ಪದೇ ಮಾಡುವ ಇನ್ನೊಂದು ತಪ್ಪು, ಪ್ರಕಾಶಕರೇ ಪುಸ್ತಕದ ಮೇಲೆ ಅಚ್ಚು ಹಾಕಿದ ಐಎಸ್‌ಬಿಎನ್ ಬಾರ್‌ಕೋಡನ್ನೇ ಗ್ರಂಥಾಲಯದ ಬಾರ್‌ಕೋಡ್ ಜಾಗದಲ್ಲಿ ಸ್ಕ್ಯಾನ್ ಮಾಡುವುದು. ಮೊದಲ ಪ್ರತಿ ಸಲೀಸಾಗಿ ಹೋಗುತ್ತದೆ. ಎರಡನೇ ಪ್ರತಿಗೆ ಸಾಫ್ಟ್‌ವೇರ್ ತಗಾದೆ ತೆಗೆಯುತ್ತದೆ, ಏಕೆಂದರೆ ಐಎಸ್‌ಬಿಎನ್ ಆ ಮುದ್ರಣದ ಎಲ್ಲ ಪ್ರತಿಗಳಿಗೂ ಒಂದೇ, ಅಕ್ಸೆಷನ್ ನಂಬರ್ ಒಂದೊಂದು ಪ್ರತಿಗೂ ಬೇರೆ. ಇದನ್ನು ಬಾಯಲ್ಲಿ ಹೇಳಿ ಮುಗಿಸಬೇಡಿ. ಒಂದೇ ಪುಸ್ತಕದ ಎರಡು ಪ್ರತಿ ಕೈಗೆ ಕೊಟ್ಟು ತಪ್ಪು ಆಗಲು ಬಿಡಿ, ಆಮೇಲೆ ಮಾತಾಡಿ.

ಮೌಸ್ ಅವರ ಕೈಯಲ್ಲೇ ಇರಲಿ

ಕಲಿಸುವ ಕ್ರಮ ಹೀಗೆ. ಮೊದಲು ನೀವು ಒಮ್ಮೆ ಮಾಡಿ ತೋರಿಸಿ, ಹಂತಗಳನ್ನು ಮಾತ್ರ ಹೇಳುತ್ತಾ. ಎರಡನೇ ಸಲ ಎಚ್ಚರಗಳನ್ನು ಸೇರಿಸಿ. ಮೂರನೇ ಸಲ ಕಾರಣಗಳನ್ನು. ಒಂದೇ ಉಸಿರಿಗೆ ಮೂರನ್ನೂ ಸುರಿದರೆ ಕೇಳುವವರು ತಲೆಯಾಡಿಸುತ್ತಾರೆ ಅಷ್ಟೇ. ಆಮೇಲೆ ಅವರ ಸರದಿ: ಒಮ್ಮೆ ಮಾತಿಲ್ಲದೆ ಮಾಡಲಿ, ಆಮೇಲೆ ಹಂತ ಹೇಳುತ್ತಾ, ನಂತರ ಎಚ್ಚರ ಹೇಳುತ್ತಾ, ಕೊನೆಗೆ ಕಾರಣ ಹೇಳುತ್ತಾ. "ಗೊತ್ತಾಯ್ತಾ?" ಎಂದು ಕೇಳಿದರೆ ನಮ್ಮಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. "ಈಗ ನೀವು ಹೇಳಿ, ಮೊಹರಿಗಿಂತ ಮೊದಲು ಪುಟ ನೋಡೋದು ಯಾಕೆ?" ಎಂದು ಕೇಳಿ.

ಕಂಪ್ಯೂಟರ್ ಕೆಲಸದಲ್ಲಿ ಕಲಿಸುವವರ ದೊಡ್ಡ ಚಟ, ಮೌಸ್ ಕಿತ್ತುಕೊಳ್ಳುವುದು. ಎದುರಿನವರು ಎರಡು ಸೆಕೆಂಡ್ ತಡವರಿಸಿದರೆ ಸಾಕು, "ಇಲ್ಲಿ ಇಲ್ಲಿ" ಎಂದು ನಾವೇ ಒತ್ತಿಬಿಡುತ್ತೇವೆ. ಕೆಲಸ ಬೇಗ ಮುಗಿಯುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಕೈ ಕಟ್ಟಿಕೊಂಡು ಕೂತು ಬಾಯಲ್ಲಷ್ಟೇ ದಾರಿ ಹೇಳಿ. ಹತ್ತು ಸೆಕೆಂಡ್ ಸುಮ್ಮನಿರುವುದು ಕಷ್ಟ, ಆದರೂ ಇರಿ.

ಅವರಿಗೆ ಅವರದ್ದೇ ಲಾಗಿನ್ ಮಾಡಿಕೊಡಿ. ನಿಮ್ಮ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಪದ್ಧತಿ ಎಷ್ಟೋ ಕಡೆ ಇದೆ, ಅದರಿಂದ ಯಾರು ಏನು ಬದಲಾಯಿಸಿದರು ಎಂಬುದೇ ತಿಳಿಯುವುದಿಲ್ಲ. ಕೋಹಾದಂಥ ಗ್ರಂಥಾಲಯ ಸಾಫ್ಟ್‌ವೇರಿನಲ್ಲಿ ಸಿಬ್ಬಂದಿಯ ಖಾತೆಗೆ ಬೇರೆ ಬೇರೆ ಅನುಮತಿ ಕೊಡಬಹುದು: ಮೊದಲ ತಿಂಗಳು ಇಶ್ಯೂ-ರಿಟರ್ನ್ ಮಾತ್ರ, ಆಮೇಲೆ ದಾಖಲೆ ತಿದ್ದುವುದು, ಅಳಿಸುವ ಅನುಮತಿ ಕೊನೆಗೆ. ಲಾಗ್ ಚಾಲೂ ಮಾಡಿಟ್ಟರೆ ಯಾವ ದಾಖಲೆಯನ್ನು ಯಾರು ಯಾವಾಗ ತಿದ್ದಿದರು ಎಂದು ನೋಡಬಹುದು. ಇದು ತಪ್ಪು ಹಿಡಿಯಲು ಅಲ್ಲ. ವಾರದ ಕೊನೆಗೆ ಹತ್ತು ದಾಖಲೆ ತೆರೆದು ಒಟ್ಟಿಗೆ ಕೂತು ನೋಡಲು.

ಸಮಯ? ವಾರಕ್ಕೆ ಒಂದು ಸಲ, ನಲವತ್ತು ನಿಮಿಷ ಸಾಕು. ಇಡೀ ದಿನದ ಕಾರ್ಯಾಗಾರದಲ್ಲಿ ಊಟದ ನಂತರ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೂ ಫೋಟೋ ಚೆನ್ನಾಗಿ ಬರುತ್ತದೆಂದು ಅದನ್ನೇ ಏರ್ಪಡಿಸುತ್ತೇವೆ. ಕೊಡಗಿಗೆ ಹೊಂದುವ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಓದುಗರು ಕಡಿಮೆ, ಒಳಗೆ ಕೂತು ಕಲಿಯಲು ಪ್ರಶಸ್ತ ಕಾಲ. ಆದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಆಗ ಕಾಗದದ ಮೇಲೆ ಆಗುವ ಪಾಠ ಇಟ್ಟುಕೊಳ್ಳಿ: ವರ್ಗೀಕರಣ, ಹೆಸರಿನ ತೀರ್ಮಾನ, ರಿಪೇರಿ. ಡಿಸೆಂಬರ್ ಬಂದರೆ ಪುತ್ತರಿ (ಕೊಡವರ ಸುಗ್ಗಿ ಹಬ್ಬ), ಕಾಫಿ ಕೊಯ್ಲು. ತೋಟವಿರುವ ಸಹೋದ್ಯೋಗಿಗಳ ಮನಸ್ಸು ಕಣದಲ್ಲಿರುತ್ತದೆ. ಆ ಎರಡು ತಿಂಗಳು ಹೊಸ ಪಾಠ ಬೇಡ, ಕಲಿತದ್ದನ್ನೇ ಮಾಡಿಕೊಂಡು ಹೋಗಲಿ.

ಹೆಸರುಗಳ ತೊಡಕು

ಕೊಡಗಿನ ಗ್ರಂಥಾಲಯದಲ್ಲಿ ಹೊಸಬರಿಗೆ ಅಗತ್ಯವಾಗಿ ಕಲಿಸಬೇಕಾದ, ಹೊರಗಿನ ತರಬೇತಿಯಲ್ಲಿ ಎಂದೂ ಸಿಗದ ವಿಷಯವೆಂದರೆ ಹೆಸರು. ಕೊಡವ ಹೆಸರಿನಲ್ಲಿ ಒಕ್ಕದ (ಮನೆತನದ) ಹೆಸರು ಮೊದಲು ಬರುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಲ್ಲಿ ಕೊಡಂದೇರ ಒಕ್ಕ, ಮಾದಪ್ಪ ತಂದೆ, ಕಾರ್ಯಪ್ಪ ಅವರ ಸ್ವಂತ ಹೆಸರು. ಕೊನೆಯ ಪದವೇ ಸರ್‌ನೇಮ್ ಎಂದು ನಂಬಿದ ಹೊರಗಿನವರಿಗೆ ಕಾರ್ಯಪ್ಪ ಕುಟುಂಬದ ಹೆಸರಿನಂತೆ ಕಾಣುತ್ತದೆ. ಕುಟುಂಬದ ಹೆಸರೇ ಮೊದಲು ಎಂದು ಪಟ್ಟು ಹಿಡಿದರೆ ಕೊಡಂದೇರ ಎಂದು ಹುಡುಕುವ ಓದುಗರು ಎಷ್ಟು ಮಂದಿ? ಅರೆಭಾಷೆಯ ಗೌಡರಲ್ಲೂ ಮನೆತನದ ಹೆಸರು ಮುಂದೆ ಬರುತ್ತದೆ. ಗುಡ್ಡೆಮನೆ ಅಪ್ಪಯ್ಯ ಗೌಡ ಎಂಬ ಹೆಸರನ್ನು "ಗೌಡ, ಗುಡ್ಡೆಮನೆ ಅಪ್ಪಯ್ಯ" ಎಂದು ಹಾಕಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ತೀರ್ಮಾನದ ಸೂತ್ರ ಸರಳ: ಆ ವ್ಯಕ್ತಿ ಯಾವ ರೂಪದಲ್ಲಿ ಹೆಚ್ಚು ಪರಿಚಿತರೋ ಅದು ಮುಖ್ಯ ರೂಪ, ಉಳಿದ ಎಲ್ಲ ರೂಪಗಳಿಂದ ಅಲ್ಲಿಗೆ ದಾರಿ. ಮಾರ್ಕ್ ಎಂಬುದು ಪುಸ್ತಕದ ವಿವರಗಳನ್ನು ನಂಬರಿನ ಫೀಲ್ಡುಗಳಲ್ಲಿ ತುಂಬುವ ಕಂಪ್ಯೂಟರ್ ಪದ್ಧತಿ. ಅದರ ಅಥಾರಿಟಿ ದಾಖಲೆಯಲ್ಲಿ (ಒಂದು ಹೆಸರಿನ ರೂಪಗಳನ್ನೆಲ್ಲ ಕೂಡಿಸಿಡುವ ದಾಖಲೆ) ಮುಖ್ಯ ರೂಪ 100ನೇ ಫೀಲ್ಡಿನಲ್ಲಿ, "ಇದನ್ನು ಹುಡುಕಿದರೆ ಅಲ್ಲಿ ನೋಡಿ" ಎನ್ನುವ ರೂಪಗಳು 400ರಲ್ಲಿ, ಎಲ್ಲಿಂದ ತಿಳಿಯಿತು ಎಂಬುದು 670ರಲ್ಲಿ. ಅಭ್ಯಾಸಕ್ಕೆ ಮೂರು ಹೆಸರು ಕೊಡಿ. ಮೊದಲನೆಯದು ಕೊಡಗಿನ ಗೌರಮ್ಮ, 1912ರಿಂದ 1939. ಅವರು ತಮ್ಮ ಕಥೆಗಳಿಗೆ ಹಾಕಿಕೊಂಡ ಹೆಸರು ಶ್ರೀಮತಿ ಬಿ.ಟಿ.ಜಿ. ಕೃಷ್ಣ. ಮುಖ್ಯ ರೂಪ ಯಾವುದು, 400ರಲ್ಲಿ ಯಾವುದು? ಎರಡನೆಯದು ಭಾರತೀಸುತ; ನಿಜನಾಮ ಎಸ್.ಆರ್. ನಾರಾಯಣರಾವ್. ಕಾವ್ಯನಾಮವೇ ಮುಖ್ಯ, ಆದರೆ ನಾರಾಯಣರಾವ್ ಎಂಬ ಹೆಸರಿನವರು ಡಜನ್ ಇರುವುದರಿಂದ 400ರಲ್ಲಿ ಇನಿಷಿಯಲ್ ಬಿಡುವಂತಿಲ್ಲ. ಮೂರನೆಯದು ಕೊಡವ ನಾಟಕಕಾರ ಹರದಾಸ ಅಪ್ಪಚ್ಚ ಕವಿ. ಇಲ್ಲಿ ಹರದಾಸ ಬಿರುದು, ಕವಿ ಎಂಬುದೂ ಬಿರುದು, ಒಕ್ಕ ಅಪ್ಪನೆರವಂಡ. ಅಪ್ಪಚ್ಚ ಕವಿ ಎಂದೇ ಜನ ಹೇಳುವುದರಿಂದ ಅದನ್ನು ಮುಂದಿಟ್ಟು, ಹರದಾಸದಿಂದಲೂ ಅಪ್ಪನೆರವಂಡದಿಂದಲೂ ಸೂಚನೆ ಕೊಡಬಹುದು. ಇದನ್ನು ಒಪ್ಪದೆ ವಾದ ಮಾಡುವ ಸಹೋದ್ಯೋಗಿ ಸಿಕ್ಕರೆ ಸಂತೋಷಪಡಿ. ವಾದದ ಕೊನೆಗೆ ಬಂದ ತೀರ್ಮಾನವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಈ ಸ್ಥಳೀಯ ಹೆಸರುಗಳ ಪುಸ್ತಕ ವಿರಾಜಪೇಟೆಯಲ್ಲೂ ಸೋಮವಾರಪೇಟೆಯಲ್ಲೂ ಒಂದೇ ಆಗಿದ್ದರೆ, ಎರಡು ಕ್ಯಾಟಲಾಗುಗಳನ್ನು ಮುಂದೆ ಜೋಡಿಸುವಾಗ ಅರ್ಧ ತಲೆನೋವು ತಪ್ಪುತ್ತದೆ.

ಭಾಷೆಯ ವಿಷಯವೂ ಇಲ್ಲೇ ಬರುತ್ತದೆ. ಕೊಡವ ಪುಸ್ತಕ ಕನ್ನಡ ಲಿಪಿಯಲ್ಲಿ ಅಚ್ಚಾಗಿರುತ್ತದೆ, ಹೊಸಬರು ಅದನ್ನು ನೋಡಿ ಭಾಷೆ ಕನ್ನಡ ಎಂದೇ ಹಾಕುತ್ತಾರೆ. ಲಿಪಿ ಬೇರೆ, ಭಾಷೆ ಬೇರೆ. ಕೊಡವಕ್ಕೆ ಐಎಸ್‌ಒ 639-3 ಎಂಬ ಅಂತರರಾಷ್ಟ್ರೀಯ ಭಾಷಾ ಸಂಕೇತಗಳ ಪಟ್ಟಿಯಲ್ಲಿ ಪ್ರತ್ಯೇಕ ಸಂಕೇತವಿದೆ, ಮಾರ್ಕ್‌ನ 041ನೇ ಫೀಲ್ಡಿನಲ್ಲಿ ಅದನ್ನು ದಾಖಲಿಸಬಹುದು. ಹಾಗೆ ಮಾಡದಿದ್ದರೆ "ನಿಮ್ಮಲ್ಲಿ ಕೊಡವ ಪುಸ್ತಕಗಳು ಎಷ್ಟಿವೆ?" ಎಂದು ಯಾರಾದರೂ ಕೇಳಿದ ದಿನ ಬೀರು ಬೀರು ಹುಡುಕಬೇಕಾಗುತ್ತದೆ.

ಅಕ್ಷರ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪುಸ್ತಕ ಪಟ್ಟಿಗಳು ಬಹಳ ಕಡೆ ಉಳಿದಿವೆ. ಆ ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಅದನ್ನು ಹಾಗೇ ಗ್ರಂಥಾಲಯ ಸಾಫ್ಟ್‌ವೇರಿಗೆ ತುಂಬಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಯುನಿಕೋಡಿಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ) ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕಣ್ಣಿನಿಂದ ನೋಡಲೇಬೇಕು, ಪರಿವರ್ತಕಗಳು ಎಡವುವುದು ಅಲ್ಲೇ. ಸಹೋದ್ಯೋಗಿಗೆ ಒಂದು ಸುಲಭದ ಪರೀಕ್ಷೆ ಹೇಳಿಕೊಡಿ: ಆ ಸಾಲನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸುವುದು. ಅಲ್ಲಿ ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಚಿತ್ರವಿಚಿತ್ರ ಇಂಗ್ಲಿಷ್ ಆದರೆ ಆಸ್ಕಿ.

ಯುನಿಕೋಡ್ ಆದ ಮೇಲೂ ಕಾಟ ಮುಗಿಯುವುದಿಲ್ಲ. ಸೊನ್ನೆ ಬಳಸಿ ಬರೆಯುವುದು ಅಥವಾ ಅನುನಾಸಿಕ ಬಳಸುವುದು, 1 ಅಥವಾ ೧, ಪದಗಳ ನಡುವೆ ಜಾಗ ಬಿಡುವುದು ಅಥವಾ ಬಿಡದಿರುವುದು, ಇವೆಲ್ಲ ಹುಡುಕಾಟವನ್ನು ಕೆಡಿಸುತ್ತವೆ. "ನಾರಾಯಣ ರಾವ್" ಮತ್ತು "ನಾರಾಯಣರಾವ್" ಕಂಪ್ಯೂಟರಿಗೆ ಇಬ್ಬರು ಮನುಷ್ಯರು. ಯಾವುದಾದರೂ ಒಂದು ರೂಪ ಗೊತ್ತು ಮಾಡಿ, ಆ ನೋಟ್‌ಬುಕ್ಕಿನಲ್ಲೇ ಬರೆದಿಡಿ.

ವರ್ಗೀಕರಣವನ್ನು ಇಲ್ಲಿ ಪೂರ್ತಿ ಹೇಳಲು ಹೋಗುವುದಿಲ್ಲ, ಆದರೆ ಕಲಿಸಲು ಕಾಫಿಗಿಂತ ಒಳ್ಳೆಯ ಉದಾಹರಣೆ ಈ ಜಿಲ್ಲೆಯಲ್ಲಿ ಇಲ್ಲ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕಾಫಿ ಬೆಳೆಯುವುದು 633.73, ಬೀಜ ಹುರಿದು ಪುಡಿ ಮಾಡುವ ಸಂಸ್ಕರಣೆ 663.93, ಕಾಫಿಯ ಆರ್ಥಿಕತೆ 338.17373. ಮೂರು ಪುಸ್ತಕಗಳ ಮುಖಪುಟದ ಮೇಲೂ ಕೆಂಪು ಹಣ್ಣಿನ ಚಿತ್ರವೇ ಇರುತ್ತದೆ. ಮುಖಪುಟ ಮುಚ್ಚಿ, ಪರಿವಿಡಿ ಮಾತ್ರ ತೋರಿಸಿ ಯಾವುದು ಎಲ್ಲಿಗೆ ಎಂದು ಕೇಳಿ. ನಾಲ್ಕನೆಯದಾಗಿ ಕಾಫಿ ತೋಟದಲ್ಲಿ ನಡೆಯುವ ಒಂದು ಕನ್ನಡ ಕಾದಂಬರಿ ಇಡಿ. ಅದು 894.8143, ಕನ್ನಡ ಸಾಹಿತ್ಯದ 894.814ಕ್ಕೆ ಕಥನದ 3 ಸೇರಿದ್ದು. ಅದನ್ನು ಕೃಷಿಗೆ ಹಾಕಿದವರು ಒಮ್ಮೆ ನಕ್ಕು ಸರಿಪಡಿಸಿಕೊಂಡರೆ ಮತ್ತೆ ಮರೆಯುವುದಿಲ್ಲ.

ಮಳೆಗಾಲದ ಪಾಠ

ಬೂಷ್ಟು ಹಿಡಿಯುವುದನ್ನು ತಡೆಯುವುದು ಕೊಡಗಿನಲ್ಲಿ ಕ್ಯಾಟಲಾಗಿನಷ್ಟೇ ಮುಖ್ಯವಾದ ಕೌಶಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬೆಳೆಯಲು ಹದ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದಕ್ಕಿಂತ ಕೆಳಗೆ ಇಳಿಯುವುದೇ ಕಷ್ಟ. ಆರ್ದ್ರತೆ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್ ಗೋಡೆಗೆ ತೂಗುಹಾಕಿ, ಬೆಳಗ್ಗೆ ಮತ್ತು ಸಂಜೆ ಅಂಕಿ ಬರೆಯುವ ಹೊಣೆಯನ್ನು ಸಹೋದ್ಯೋಗಿಗೆ ವಹಿಸಿ. "ಗಾಳಿಯಾಡಲಿ" ಎಂದು ಮಳೆ ನಿಂತ ಕೂಡಲೇ ಕಿಟಕಿ ತೆಗೆಯುವ ಅಭ್ಯಾಸ ಎಷ್ಟು ತಪ್ಪು ಎಂಬುದು ಆ ಅಂಕಿಗಳಿಂದಲೇ ತಿಳಿಯುತ್ತದೆ: ಮಳೆ ನಿಂತ ಹೊತ್ತಿನ ಹೊರಗಾಳಿ ಒಳಗಿನದ್ದಕ್ಕಿಂತ ಒದ್ದೆ. ಹೊರಗಿನ ಅಂಕಿ ಒಳಗಿನದ್ದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಕಿಟಕಿ ತೆರೆಯಬೇಕು, ಉಳಿದಂತೆ ಫ್ಯಾನ್ ಸಾಕು. ಬೀರುಗಳು ಗೋಡೆಯಿಂದ ಎರಡು ಮೂರು ಇಂಚು ದೂರ, ಕೆಳಗಿನ ಅರೆ ನೆಲದಿಂದ ಆರು ಇಂಚಾದರೂ ಮೇಲೆ ಇರಲಿ.

ನೆನೆದ ಪುಸ್ತಕ ಒಣಗಿಸುವುದನ್ನು ರದ್ದಾದ ಪುಸ್ತಕದ ಮೇಲೆ ಕಲಿಸಿ. ಒಂದನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದು ಟೇಬಲ್ಲಿನ ಮೇಲಿಡಿ. ಹಾಳೆಗಳನ್ನು ಬಲವಂತವಾಗಿ ಬಿಡಿಸಬಾರದು. ನೀರು ಸೋರಲು ಬಿಟ್ಟು, ತೆರೆದುಕೊಳ್ಳುವಷ್ಟೇ ಕಡೆ ಇಪ್ಪತ್ತು ಹಾಳೆಗೊಂದರಂತೆ ಅಚ್ಚಾಗದ ಬಿಳಿ ನ್ಯೂಸ್‌ಪ್ರಿಂಟ್ ಸೇರಿಸಬೇಕು. ಓದಿದ ಪತ್ರಿಕೆ ಸೇರಿಸಿದರೆ ಅದರ ಮಸಿ ಪುಟಕ್ಕೆ ಹತ್ತುತ್ತದೆ. ತುಂಬಾ ಹಾಳೆ ತುರುಕಿದರೆ ಬೆನ್ನು ಬಿರಿಯುತ್ತದೆ. ಒದ್ದೆಯಾದ ಕಾಗದವನ್ನು ಬದಲಿಸುತ್ತಾ ಇರಬೇಕು, ಫ್ಯಾನ್ ಕೋಣೆಯಲ್ಲಿ ತಿರುಗಲಿ, ಪುಸ್ತಕಕ್ಕೆ ನೇರವಾಗಿ ಬೀಸಬಾರದು. ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗುತ್ತದೆ, ಬಣ್ಣ ಹೋಗುತ್ತದೆ. 48 ಗಂಟೆ ದಾಟಿದರೆ ಬೂಷ್ಟು ಶುರುವಾಗುತ್ತದೆ, ಆದ್ದರಿಂದ ಯಾವುದನ್ನು ಮೊದಲು ಉಳಿಸಬೇಕು ಎಂಬ ಪಟ್ಟಿ ಮುಂಚೆಯೇ ಇರಬೇಕು. ಫೋಟೋ ಇರುವ ಹೊಳಪು ಕಾಗದದ ಪುಸ್ತಕಗಳು ಆ ಪಟ್ಟಿಯ ಮೇಲ್ಭಾಗದಲ್ಲಿರಲಿ. ಅವು ಒಣಗುತ್ತಾ ಇಟ್ಟಿಗೆಯಂತೆ ಅಂಟಿಕೊಂಡುಬಿಟ್ಟರೆ ಬಿಡಿಸಲು ಆಗುವುದೇ ಇಲ್ಲ. ಆಗಲೇ ಬೂಷ್ಟು ಹಿಡಿದ ಪುಸ್ತಕವನ್ನು ಬೇರೆ ಇಟ್ಟು, ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿ, ಹೊರಗೆ ಒಯ್ದು ಬ್ರಷ್ ಮಾಡಬೇಕು. ಕೋಣೆಯೊಳಗೆ ಕೊಡವಿದರೆ ಬೂಷ್ಟಿನ ಬೀಜ ಉಳಿದ ಪುಸ್ತಕಗಳಿಗೂ ಹಂಚಿದಂತೆ.

ಓದುಗರು ಕೇಳಿದ್ದು, ಓದುಗರಿಗೆ ಬೇಕಾದದ್ದು

ಒಬ್ಬರು ಬಂದು "ಕಂದಾಯದ ಕಾನೂನು ಪುಸ್ತಕ ಉಂಟಾ?" ಎನ್ನುತ್ತಾರೆ. ಹೊಸಬರು ಬೀರುವಿಗೆ ಓಡಿ ದಪ್ಪನೆಯ ಕಾಯಿದೆ ಪುಸ್ತಕ ತಂದಿಡುತ್ತಾರೆ. "ಯಾವ ವಿಷಯಕ್ಕೆ ನೋಡ್ತಾ ಇದ್ದೀರಿ ಅಂತ ಸ್ವಲ್ಪ ಹೇಳ್ತೀರಾ?" ಎಂದು ಕೇಳಿದ್ದರೆ, ಅಜ್ಜನ ಕಾಲದ ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿ ಜಮೀನಿನ) ದಾಖಲೆಯ ಮಾತು ಹೊರಬರುತ್ತಿತ್ತು. ಆಗ ಬೇಕಾಗುವುದು ತಿದ್ದುಪಡಿ ಸೇರಿದ ಕಾಯಿದೆಯ ಪ್ರತಿ, ಹಳೆಯ ಗೆಜೆಟಿಯರಿನಲ್ಲಿ ಜಮ್ಮಾ ಹಿಡುವಳಿಯ ವಿವರಣೆ, ಮತ್ತು ಮೂಲ ದಾಖಲೆಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ದಾರಿ. ಇದನ್ನು ಕಲಿಸಲು ಒಬ್ಬರು ಓದುಗರಾಗಿ, ಇನ್ನೊಬ್ಬರು ಸಿಬ್ಬಂದಿಯಾಗಿ ಐದು ನಿಮಿಷ ಆಡಿದರೆ ಸಾಕು. ಓದುಗರ ಪಾತ್ರದವರು ನಿಜವಾದ ಅಗತ್ಯವನ್ನು ಚೀಟಿಯಲ್ಲಿ ಬರೆದು ಮಡಚಿಟ್ಟುಕೊಂಡು, ಬಾಯಲ್ಲಿ ಅಸ್ಪಷ್ಟವಾಗಿ ಕೇಳಬೇಕು. ಎದುರಿನವರು ಹೌದು-ಇಲ್ಲ ಉತ್ತರದ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆಗಳಿಂದ ಚೀಟಿಯ ವಿಷಯಕ್ಕೆ ತಲುಪಬೇಕು. ಒಂದು ಗಡಿಯನ್ನೂ ಹೇಳಿಕೊಡಿ: ಕಾಯಿದೆ ಎಲ್ಲಿದೆ ಎಂದು ತೋರಿಸುವುದು ನಮ್ಮ ಕೆಲಸ, "ನಿಮ್ಮ ಕೇಸ್ ಗೆಲ್ಲುತ್ತೆ" ಎನ್ನುವುದು ಅಲ್ಲ.

ತಿದ್ದುವುದು, ಮತ್ತು ಬಿಟ್ಟುಕೊಡುವುದು

ಕೌಂಟರಿನಲ್ಲಿ ಓದುಗರ ಎದುರೇ ತಿದ್ದಬೇಡಿ. ತಪ್ಪು ದಾಖಲೆ ಕಂಡರೆ "ಇಷ್ಟೂ ಗೊತ್ತಿಲ್ವಾ?" ಎನ್ನುವ ಬದಲು "ಸರ್, ಈ ದಾಖಲೆಯಲ್ಲಿ 100ನೇ ಫೀಲ್ಡ್ ಒಮ್ಮೆ ನೋಡಿ, ಓದುಗರು ಈ ಹೆಸರಲ್ಲಿ ಹುಡುಕ್ತಾರಾ?" ಎಂದರೆ ಅವರೇ ಹಿಡಿಯುತ್ತಾರೆ. ಕಿರಿಯರು ಹಿರಿಯರಿಗೆ ಕಂಪ್ಯೂಟರ್ ಕಲಿಸುವ ಪ್ರಸಂಗ ಈಗ ಜಾಸ್ತಿ. ಅಲ್ಲಿ ಮರ್ಯಾದೆಯ ಪ್ರಶ್ನೆ ಏಳುತ್ತದೆ, ಅದನ್ನು ಬಗೆಹರಿಸಲು ಕಲಿಕೆಯನ್ನು ಎರಡೂ ದಿಕ್ಕಿಗೆ ಮಾಡಿ: ಕಿರಿಯರು ಯುನಿಕೋಡ್ ಹೇಳಿಕೊಡಲಿ, ಹಿರಿಯರು ಹಳೆಯ ರಿಜಿಸ್ಟರ್ ಓದುವುದನ್ನು ಮತ್ತು ಯಾವ ಒಕ್ಕದ ಹೆಸರು ಯಾವುದು ಎಂಬುದನ್ನು ಹೇಳಿಕೊಡಲಿ.

ಬಿಟ್ಟುಕೊಡಲು ಹಿರಿಯರು ಹಿಂಜರಿಯುವುದಕ್ಕೆ ನಿಜವಾದ ಕಾರಣ ಸಾಮಾನ್ಯವಾಗಿ ಒಂದೇ: ಪುಸ್ತಕ ಕಳೆದರೆ ದುಡ್ಡು ನಮ್ಮ ಕೈಯಿಂದ ಕಟ್ಟಬೇಕಾದೀತು ಎಂಬ ಭಯ. ಇಲ್ಲಿ ನಿಯಮ ಓದಿ ಹೇಳುವುದೇ ಮದ್ದು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017ರ 215ನೇ ನಿಯಮದಂತೆ, ವರ್ಷದಲ್ಲಿ ಓದಲು ಅಥವಾ ಎರವಲು ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ 5ರವರೆಗಿನ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಸಹಜವೆಂದು ಪರಿಗಣಿಸಬಹುದು. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ, ಇಲ್ಲವೇ ಬೆಲೆ ಎಷ್ಟೇ ಇರಲಿ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದೇ ನಿಯಮ 20,000 ಪುಸ್ತಕಗಳವರೆಗಿನ ಸಂಗ್ರಹಕ್ಕೆ ಪ್ರತಿ ವರ್ಷ ಪೂರ್ತಿ ಸ್ಟಾಕ್ ವೆರಿಫಿಕೇಷನ್ ಕೇಳುತ್ತದೆ. ರಾಜ್ಯ ಸರ್ಕಾರದ ಮತ್ತು ವಿಶ್ವವಿದ್ಯಾಲಯದ ಗ್ರಂಥಾಲಯಗಳು ತಮ್ಮದೇ ನಿಯಮ ನೋಡಬೇಕು, ಆದರೆ ಒಂದು ಪುಸ್ತಕ ಕಾಣೆಯಾದ ಮಾತ್ರಕ್ಕೆ ಸಂಬಳ ಹಿಡಿಯುತ್ತಾರೆ ಎಂಬ ಗಾಳಿಮಾತಿಗೆ ಹೆದರಿ ಬೀರುವಿಗೆ ಬೀಗ ಹಾಕುವುದು ಬೇಡ.

ಕಲಿಸಿದ್ದಕ್ಕೆ ಲೆಕ್ಕ ಇಡಿ. ದಿನಾಂಕ, ಕೆಲಸ, ಯಾರು, ಎಷ್ಟು ಹೊತ್ತು, ಯಾವ ಹಾಳೆ ಬಳಸಿದ್ದು ಎಂಬ ಒಂದು ಸಾಲು ಸಾಕು. ಕಾಲೇಜು ಗ್ರಂಥಪಾಲಕರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯ ಮೌಲ್ಯಮಾಪನದಲ್ಲಿ ಗ್ರಂಥಾಲಯ ಸಂಬಂಧಿ ವಿಚಾರ ಸಂಕಿರಣ, ಕಾರ್ಯಾಗಾರ ನಡೆಸಿದ್ದನ್ನು ಪರಿಗಣಿಸುತ್ತಾರೆ. ಸುತ್ತಲಿನ ಅರಿವು ಕೇಂದ್ರಗಳ ಮೇಲ್ವಿಚಾರಕರನ್ನು ಕರೆದು ಅರ್ಧ ದಿನ ಪುಸ್ತಕ ಒಣಗಿಸುವುದನ್ನು ಕಲಿಸಿದರೆ ಅದನ್ನು ಕಾರ್ಯಾಗಾರವಾಗಿಯೇ ಏರ್ಪಡಿಸಿ, ಹಾಜರಾತಿ ಮತ್ತು ವರದಿಯನ್ನು ಫೈಲಿನಲ್ಲಿಡಿ. ಆಗಸ್ಟ್ 12, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ, ಸರಿಯಾಗಿ ಕಕ್ಕಡದ ಕೊನೆಗೆ ಬರುತ್ತದೆ; ಹಾರ, ಭಾಷಣಕ್ಕೆ ಬದಲು ಆ ಬಕೆಟ್ ಪಾಠವನ್ನು ಅಂದೇ ಇಟ್ಟುಕೊಳ್ಳಬಹುದು. ಮಡಿಕೇರಿಯಿಂದ ವಿರಾಜಪೇಟೆಗಾಗಲಿ ಕುಶಾಲನಗರಕ್ಕಾಗಲಿ ಸುಮಾರು 30 ಕಿ.ಮೀ., ಬೆಳಗಿನ ಬಸ್ಸಿಗೆ ಬಂದವರು ಮಧ್ಯಾಹ್ನಕ್ಕೆ ತಮ್ಮ ಕೇಂದ್ರದ ಬಾಗಿಲು ತೆರೆಯಬಹುದು.

ಒಬ್ಬರಿಗೆ ಕೆಲಸ ಬಂತು ಎಂದು ಹೇಳಲು ಅಳತೆ: ನೀವು ರಜೆಯಲ್ಲಿದ್ದ ಒಂದು ವಾರ ಫೋನ್ ಬರದಿರುವುದು, ವಾಪಸ್ ಬಂದು ತೆಗೆದ ಹತ್ತು ದಾಖಲೆಗಳಲ್ಲಿ ಒಂಬತ್ತಾದರೂ ತಿದ್ದುವ ಅಗತ್ಯವಿಲ್ಲದಿರುವುದು. ಅಲ್ಲಿಗೆ ಮುಟ್ಟಿದ ಮೇಲೆ ಆ ಕೆಲಸವನ್ನು ಮತ್ತೆ ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಮುಂದಿನ ಹೊಸಬರಿಗೆ ಅದನ್ನು ಕಲಿಸುವುದು ಈಗ ಅವರ ಪಾಳಿ, ಮೂರು ಕಲಮಿನ ಹಾಳೆಯನ್ನೂ ಅವರೇ ಹೊಸದಾಗಿ ಬರೆಯಲಿ. ನೀವು ಬರೆದದ್ದರಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ಅಲ್ಲಿ ಕಾಣುತ್ತದೆ.